ಹಾಳು ಮಾಡುವುದು ಹೇಗೆ, ತೋರಿಸಿ

ಅವರು ತೀರಿಕೊಂಡ ಸಂಜೆ ನಮ್ಮ ಹಳೆಯ ಕಟ್ಟಡದವರ ಮೊಬೈಲ್ ಗುಂಪಿನಲ್ಲಿ ಯಾರೋ ಶ್ರದ್ಧಾಂಜಲಿ ಬರೆದರು. 'ಸೌಮ್ಯ ಸ್ವಭಾವದ, ಮೃದುಭಾಷಿ, ಎಲ್ಲರೊಂದಿಗೆ ಹೊಂದಿಕೊಂಡು ಬಾಳಿದ ಹಿರಿಯ ಜೀವ.' ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಓದಿ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಸೌಮ್ಯ? ಮೃದುಭಾಷಿ? ಆಕೆ ಬಾಯಿ ತೆರೆದರೆ ಠಾಣೆ ಶಹರದ ಪಕ್ಕದ ಕಳವಾ ಎಂಬ ಊರಿನ ನಮ್ಮ ಕಟ್ಟಡದ ಅಷ್ಟೂ ಮಹಡಿಗಳಿಗೆ ಕೇಳಿಸುತ್ತಿತ್ತು. ಹೊಂದಿಕೊಂಡು ಬಾಳಿದರಂತೆ! ಅವರು ಹೊಂದಿಕೊಳ್ಳದೆ ಬಾಳಿದ್ದರಿಂದಲೇ ನಾನು ಇವತ್ತು ನನ್ನ ಅನ್ನ ನಾನು ದುಡಿದು ತಿನ್ನುತ್ತಿದ್ದೇನೆ. ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಸುಳ್ಳು ಯಾಕೆ ಹೇಳಬೇಕು? ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕಟ್ಟಡದವರಿಗೇ ಯಾರೆಂದು ಗೊತ್ತಾಗಲಿಕ್ಕಿಲ್ಲ. ಬಾಗಿಲಿನ ಮೇಲಿನ ಫಲಕದಲ್ಲಿ ಗಂಡನ ಹೆಸರಿತ್ತು. ದೊಡ್ಡವರು ಅಕ್ಕ ಎನ್ನುತ್ತಿದ್ದರು, ಮಕ್ಕಳು ಟೈಪಿಸ್ಟ್ ಆಂಟಿ ಎನ್ನುತ್ತಿದ್ದೆವು. ತೆಳ್ಳಗಿನ, ಎತ್ತರದ ಹೆಂಗಸು. ಸೆರಗನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು, ಈಗಷ್ಟೇ ಯಾರೊಂದಿಗೋ ಜಗಳಕ್ಕೆ ಹೊರಟವರ ಹಾಗೆ. ಬೆರಳುಗಳಿಗೆ ಒಂದು ಕ್ಷಣವೂ ಪುರುಸೊತ್ತಿಲ್ಲ. ಪಾತ್ರೆಯ ಮುಚ್ಚಳದ ಮೇಲೆ, ಬಸ್ಸಿನ ಸರಳಿನ ಮೇಲೆ, ಮನೆಗಳ ಮುಂದಿನ ಉದ್ದ ಗ್ಯಾಲರಿಯ ಕಟಕಟೆಯ ಮೇಲೆ ಸುಮ್ಮನೆ ಟೈಪ್ ಮಾಡುತ್ತಿರುತ್ತಿದ್ದರು. ಎದುರಿಗಿದ್ದವರು ಏನಾದರೂ ತಲೆಬುಡವಿಲ್ಲದ್ದನ್ನು ಹೇಳತೊಡಗಿದರೆ ಇವರ ಬೆರಳುಗಳು ಆ ಮಾತನ್ನೇ ಟೈಪ್ ಮಾಡುತ್ತಿವೆ ಎಂದು ನೋಡುವವರಿಗೆ ತಿಳಿಯುತ್ತಿತ್ತು. ಸಾಕೆನಿಸಿದಾಗ ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಬಲಕ್ಕೆ ತಳ್ಳುತ್ತಿದ್ದರು, ಟೈಪ್‌ರೈಟರಿನ ಸನ್ನೆಯನ್ನು ತಳ್ಳಿ ಹೊಸ ಸಾಲಿಗೆ ಹೋಗುವ ಹಾಗೆ. ನಿಮ್ಮ ಸಾಲು ಮುಗಿಯಿತು, ಇನ್ನು ಹೊರಡಿ ಎಂದು ಅದರ ಅರ್ಥ. ಸೊಸೈಟಿಯ ಮೀಟಿಂಗಿನಲ್ಲೂ ಹೀಗೆ ಮಾಡಿ ಎದ್ದು ಬಂದವರು ಅವರು.

ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು, ರಬಾಳೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲೇ ಕೂದಲು ಬೆಳ್ಳಗಾದವರು. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಗಾಜಿನ ಕೋಣೆ ಕಟ್ಟಿಸಿದರಂತೆ. ಎ.ಸಿ. ಹಾಕಿಸಿದರಂತೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಟೈಪಿಸ್ಟ್‌ಗಳಿಗೆ ಒಳಗೆ ಪ್ರವೇಶವಿಲ್ಲ, ಗಾಜಿನ ಈಚೆ ನಿಂತು ನೋಡಬಹುದಿತ್ತು. "ದೇವಸ್ಥಾನದಲ್ಲಾದ್ರೆ ಹೊರಗೆ ನಿಂತವರಿಗೂ ತೀರ್ಥ ಸಿಕ್ತದೆ ಮಾರಾಯ್ತಿ, ಇಲ್ಲಿ ಅದೂ ಇಲ್ಲ" ಎನ್ನುತ್ತಿದ್ದರು. ಕೆಲವು ವರ್ಷಗಳಲ್ಲಿ ಎಲ್ಲ ಮೇಜುಗಳ ಮೇಲೂ ಕಂಪ್ಯೂಟರ್ ಬಂತು, ಅದರ ಮುಂದೆ ಕೂರಲು ಹೊಸ ಹುಡುಗರು ಬಂದರು. ಇವರನ್ನು ಸ್ವಯಂ ನಿವೃತ್ತಿ ಎಂಬ ಚಂದದ ಹೆಸರಿಟ್ಟು ಮನೆಗೆ ಕಳಿಸಿದರು.

"ಮೊದಲು ಮುಟ್ಬೇಡ ಅಂದ್ರು. ಮತ್ತೆ ನಿನಗೆ ಬರುದಿಲ್ಲ ಅಂದ್ರು. ಮುಟ್ಟದೆ ಬರುದು ಹೇಗೆ? ಕನಸಲ್ಲಾ?" ಈ ಮಾತನ್ನು ಅವರು ನಮ್ಮ ತಾಯಿಗೆ ಹೇಳಿದ್ದರು, ಎದುರುಮನೆಯವರಿಗೆ ಹೇಳಿದ್ದರು, ಭಾಷೆ ಬಾರದ ತರಕಾರಿಯವನಿಗೂ ಕೈಸನ್ನೆ ಮಾಡಿ ಹೇಳಿದ್ದರು. ಅವನು ಪಾಪ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿ ತಪ್ಪಿಸಿಕೊಂಡ.

ಅವರು ಮನೆಗೆ ಬಂದ ಹೊತ್ತಿಗೇ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು. ನನ್ನ ತಂದೆ ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು, ಜೊತೆಗೆ ನಮ್ಮ ಸೊಸೈಟಿಯ ಸೆಕ್ರೆಟರಿ. ಅಣ್ಣ ಎಂಜಿನಿಯರಿಂಗಿಗೆ ಸೇರಿದ್ದ. ಅವನಿಗೆಂದು ಅಂಗಡಿಯವನು ತೋರಿಸಿದ್ದರಲ್ಲೆಲ್ಲ ದೊಡ್ಡದನ್ನೇ ತಂದರು. ಎರಡು ಸ್ಪೀಕರು, ಪ್ರಿಂಟರು, ಇನ್ನೇನನ್ನೋ ನಕಲು ತೆಗೆಯುವ ಒಂದು ಚಪ್ಪಟೆ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಕೊನೆಯವರೆಗೂ ಯಾರೂ ಬಿಚ್ಚಲಿಲ್ಲ. ಅಮ್ಮನ ಹಳೆಯ ಸೀರೆಯೊಂದನ್ನು ಕತ್ತರಿಸಿ ಎಲ್ಲಕ್ಕೂ ಹೊದಿಕೆ ಹೊಲಿದದ್ದಾಯಿತು. ಆಯುಧಪೂಜೆಯ ದಿನ ಅಪ್ಪ ಪರದೆಯ ನಟ್ಟನಡುವೆ ಕುಂಕುಮದ ಬೊಟ್ಟಿಟ್ಟರು. ಒರೆಸಲು ಯಾರಿಗೂ ಧೈರ್ಯವಾಗಲಿಲ್ಲ. ಅಣ್ಣ ಆಮೇಲೆ ಏನು ಬರೆದರೂ ಏನು ನೋಡಿದರೂ ಮಧ್ಯದಲ್ಲೊಂದು ಕೆಂಪು ಬೊಟ್ಟು ಇರುತ್ತಿತ್ತು.

ನನಗೆ ಅದನ್ನು ಒರೆಸುವ ಅಧಿಕಾರವೂ ಇರಲಿಲ್ಲ. ಬಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, ಮನೆಯಲ್ಲಿದ್ದವರದೆಲ್ಲ ಒಂದೇ ಧ್ವನಿ: "ಮುಟ್ಬೇಡ, ಹಾಳಾಗ್ತದೆ." ನಮ್ಮ ಮನೆಯೊಂದೇ ಅಲ್ಲ. ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಬಂದ ಇನ್ನೆರಡು ಮನೆಗಳಲ್ಲೂ ಹುಡುಗಿಯರಿಗೆ ಇದೇ ಮಂತ್ರ. ಹುಡುಗರು ಅದರ ಮೇಲೆ ಚಹಾ ಚೆಲ್ಲಿದರೂ ಕಲಿಯುತ್ತಿದ್ದಾರೆ ಎಂದಾಗುತ್ತಿತ್ತು.

ನಾನು ಆ ವರ್ಷ ಹತ್ತನೆಯ ಪರೀಕ್ಷೆ ಬರೆದಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ತೆಗೆದುಕೊಳ್ಳಬೇಕೆಂಬ ಆಸೆ. ಆ ವಿಷಯಕ್ಕೆ ಸೀಟು ಕಡಿಮೆ, ಕೇಳುವವರು ಹೆಚ್ಚು. ಹಾಗಾಗಿ ಪ್ರವೇಶಕ್ಕೆ ಮೊದಲು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ ಎಂದು ಗೊತ್ತಾಯಿತು. ಒಂದು ಪುಟ ಟೈಪ್ ಮಾಡಬೇಕು, ಅದನ್ನು ಉಳಿಸಿಟ್ಟು ಮತ್ತೆ ತೆರೆದು ತೋರಿಸಬೇಕು, ಅಷ್ಟೇ. ನನಗೆ ಅಷ್ಟೂ ಬರುತ್ತಿರಲಿಲ್ಲ. ಸಿಗದಿದ್ದರೆ ಏನು ಎಂಬುದೂ ಮನೆಯಲ್ಲಿ ತೀರ್ಮಾನವಾಗಿತ್ತು. ಸುಮ್ಮನೆ ಯಾವುದಾದರೊಂದು ವಿಷಯ ಓದುವುದು, ಊರಿನ ಕಡೆಯ ಒಳ್ಳೆಯ ಸಂಬಂಧ ಬರುವವರೆಗೆ. ಅಪ್ಪನನ್ನು ಕೇಳಿದೆ. ಅದೇ ಮಂತ್ರ ಬಂತು. ಬಾಗಿಲು ತೆರೆದೇ ಇತ್ತು, ಕರಿಬೇವು ಕೇಳಲು ಬಂದಿದ್ದ ಆಂಟಿ ಹೊಸ್ತಿಲಲ್ಲೇ ನಿಂತರು.

"ಎಂತದು ಹಾಳಾಗುದು?"

"ಅಲ್ಲ ಅಕ್ಕ, ದುಬಾರಿ ಸಾಮಾನು. ಇವಳಿಗೆ ಎಂತ ಗೊತ್ತಾಗ್ತದೆ? ಎಂತಾದ್ರೂ ಒತ್ತಿಬಿಟ್ರೆ?" ಎಂದರು ಅಪ್ಪ.

"ಒತ್ತಿದ್ರೆ ಎಂತ ಆಗ್ತದೆ?"

"ಹಾಳಾಗ್ತದೆ."

"ಹೇಗೆ?"

ಅಪ್ಪ ಅಣ್ಣನ ಮುಖ ನೋಡಿದರು. ಅಣ್ಣ ನೆಲ ನೋಡಿದ. ಆಂಟಿಯ ಬೆರಳುಗಳು ಬಾಗಿಲ ಚೌಕಟ್ಟಿನ ಮೇಲೆ ಓಡುತ್ತಿದ್ದವು.

"ಹೇಗೆ ಹಾಳಾಗ್ತದೆ ಅಂತ ಗೊತ್ತಿಲ್ಲದವರು ಹಾಳಾಗ್ತದೆ ಅಂತ ಹೇಳ್ಬಾರ್ದು" ಎಂದು ಎಡಗೈಯಿಂದ ಗಾಳಿಯನ್ನು ಬಲಕ್ಕೆ ತಳ್ಳಿ, ಕರಿಬೇವು ತೆಗೆದುಕೊಳ್ಳದೆ ಹೊರಟುಹೋದರು.

ಬಂದ ಭಾನುವಾರ ನನ್ನನ್ನೂ ಮೇಲಿನ ಮಹಡಿಯ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಕಡಲಿನ ಹಿನ್ನೀರಾದ ಖಾಡಿಯ ಸೇತುವೆ ದಾಟಿ ಠಾಣೆಯ ನೌಪಾಡಾ ಪೇಟೆಗೆ ಹೊರಟರು. ಕಾರ್ಖಾನೆಯವರು ಕೊಟ್ಟು ಕಳಿಸಿದ ಹಣದಲ್ಲಿ ಕಂಪ್ಯೂಟರ್ ತೆಗೆದುಕೊಳ್ಳುತ್ತೇನೆ ಎಂದು ಬಸ್ಸಿನಲ್ಲಿ ಹೇಳಿದರು. ಆ ಹಣದಿಂದ ಬಳೆ ಮಾಡಿಸಿಕೋ ಎಂದು ಗಂಡ ಹೇಳಿದ್ದರಂತೆ. "ಬಳೆ ಹಾಕ್ಕೊಂಡು ನಾನು ಎಲ್ಲಿಗೆ ಹೋಗುದು?" ಎಂದು ನಮ್ಮನ್ನೇ ಕೇಳಿದರು.

ಅಂಗಡಿಯ ಹುಡುಗ ಟೈ ಕಟ್ಟಿಕೊಂಡಿದ್ದ. ಆಂಟಿಯನ್ನು ನೋಡಿ ದೊಡ್ಡ ಯಂತ್ರದ ಮುಂದೆ ಕೂರಿಸಿದ. ಅಷ್ಟು ಶಕ್ತಿ, ಇಷ್ಟು ವೇಗ, ಆಟ ಆಡಬಹುದು, ಸಿನಿಮಾ ನೋಡಬಹುದು ಎಂದು ಶುರು ಮಾಡಿದ. ಅವರು ಕೈ ಅಡ್ಡ ಹಿಡಿದರು.

"ಭೈಯಾ, ಪಹಲೇ ಯೇ ಬತಾವೋ. ಇಸ್ಕೋ ಖರಾಬ್ ಕೈಸೇ ಕರ್ತೇ ಹೈ?"

ಹುಡುಗ ಕಕ್ಕಾಬಿಕ್ಕಿಯಾದ. "ಮತ್ಲಬ್, ಮೇಡಂ?"

"ಖರಾಬ್, ಖರಾಬ್. ಕರ್ಕೇ ದಿಖಾವೋ." ಹಾಳು ಮಾಡುವುದು ಹೇಗೆ, ಮಾಡಿ ತೋರಿಸು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೆಯಿಂದ ಮೇಲಿನ ಫ್ಯಾನು ನೋಡುತ್ತ ನಿಂತೆ.

ಅವನು ನಕ್ಕುಬಿಟ್ಟು ಜಾರಿಕೊಳ್ಳಲು ನೋಡಿದ, ಅವರು ಬಿಡಲಿಲ್ಲ. ಎರಡೂ ಅಂಗೈಗಳನ್ನು ಕೀಬೋರ್ಡಿನ ಮೇಲೆ ಚಪಾತಿ ತಟ್ಟುವ ಹಾಗೆ ಇಟ್ಟು ಒತ್ತಿದರು. ಪರದೆಯ ತುಂಬ ಅಕ್ಷರಗಳು ಸುರಿದವು, ಯಂತ್ರ ಕುಂಯ್‌ಗುಟ್ಟಿತು. ಕೈ ತೆಗೆದರು. ಯಂತ್ರ ಸುಮ್ಮನಾಯಿತು. "ಹುವಾ ಖರಾಬ್?" ಇಲ್ಲ ಎಂದ ಹುಡುಗ. ತಪ್ಪು ಗುಂಡಿ ಒತ್ತಿದರೆ? ಹಾಳಾಗುವುದಿಲ್ಲ. ನಡುವೆ ಕರೆಂಟು ಹೋದರೆ? ಬರೆದದ್ದು ಹೋಗಬಹುದು, ಯಂತ್ರ ಮತ್ತೆ ಹೊರಡುತ್ತದೆ. ಹುಡುಗಿಯರು ಮುಟ್ಟಿದರೆ? ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹುಡುಗಿಯರು ಮುಟ್ಟಿದರೆ ಏನು ಎಂದು ಅವನೇ ಮರಳಿ ಕೇಳಿದ. "ಅದನ್ನೇ ಜೋರಾಗಿ ಹೇಳು" ಎಂದು ಹಿಂದಿಯಲ್ಲಿ ಗದರಿಸಿದರು. ಅವನು ಪಾಪ, ಏನೂ ಆಗುವುದಿಲ್ಲ ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದ. ಕೊನೆಗೆ ತಾನಾಗಿಯೇ ಒಂದು ಮಾತು ಸೇರಿಸಿದ: ನೀರು ಚೆಲ್ಲಿದರೆ ಕೀಬೋರ್ಡ್ ಮಾತ್ರ ಕೆಡುತ್ತದೆ ಮೇಡಂ, ಆದರೆ ಇಡೀ ಕಂಪ್ಯೂಟರಿನಲ್ಲಿ ಅಗ್ಗದ ಸಾಮಾನೆಂದರೆ ಅದೇ.

ಆಂಟಿ ನಮ್ಮ ಕಡೆ ತಿರುಗಿದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಕೇಳಿದ್ರಾ? ನೀವು ಎಷ್ಟು ಹಾರಾಡಿದ್ರೂ ಹಾಳು ಮಾಡ್ಲಿಕ್ಕೆ ಆಗುದು ಅಗ್ಗದ ಸಾಮಾನು ಮಾತ್ರ."

ಆಮೇಲೆ ಆಯ್ಕೆ ಸುಲಭವಾಯಿತು. ಮಕ್ಕಳು ಬರೆಯಬೇಕು, ಲೆಕ್ಕ ಮಾಡಬೇಕು, ಶಾಲೆಯವರು ಹೇಳಿದ ಚಾರ್ಟು ಚಿತ್ರ ಬಿಡಿಸಬೇಕು. ಅಷ್ಟು ಮಾಡುವ ಯಂತ್ರ ಯಾವುದು? ಅಂಗಡಿಯವರೇ ಬಿಡಿಭಾಗ ಜೋಡಿಸಿ ಮೂಲೆಯಲ್ಲಿಟ್ಟಿದ್ದ ಒಂದು ಸಾದಾ ಪೆಟ್ಟಿಗೆಯನ್ನು ಹುಡುಗ ತೋರಿಸಿ, ಎರಡು ವರ್ಷದಲ್ಲಿ ಇದು ಹಳತಾಗುತ್ತದೆ ಎಂದು ಹೆದರಿಸಿದ. "ಮೈ ಭೀ ಪುರಾನೀ ಹೂಂ. ಚಲ್ ರಹೀ ಹೂಂ ನಾ?" ನಾನೂ ಹಳೆಯವಳೇ, ನಡೆಯುತ್ತಿದ್ದೇನಲ್ಲ ಎಂದರು. ಪರದೆ ಯಾರೋ ಬಳಸಿ ಬಿಟ್ಟದ್ದು ಸಾಕೆಂದರು. ಸ್ಪೀಕರ್ ಬೇಡ, ಅದರ ಬದಲು ಇನ್ನೊಂದು ಕೀಬೋರ್ಡ್ ಕೊಡು ಎಂದರು. ಕೀಬೋರ್ಡ್ ಆರಿಸುವಾಗ ಮಾತ್ರ ಬಹಳ ಹೊತ್ತು ಹಿಡಿಯಿತು. ಒಂದೊಂದನ್ನೂ ಒತ್ತಿ, ಕಿವಿ ಹತ್ತಿರ ತಂದು ಕೇಳಿ, ಮಾವಿನಹಣ್ಣು ಆರಿಸುವವರ ಹಾಗೆ ಆರಿಸಿದರು. ಕೈ ತಾಗುವುದು ಇದಕ್ಕೇ ತಾನೆ, ಇದೊಂದು ಗಟ್ಟಿ ಇರಬೇಕು ಎಂದು ಅವರ ವಾದ. ವಾಪಸು ರಿಕ್ಷಾದಲ್ಲಿ ಪರದೆ ನನ್ನ ತೊಡೆಯ ಮೇಲಿತ್ತು. ಅಷ್ಟು ಭಾರದ್ದು, ಅಷ್ಟು ಹೆಮ್ಮೆಯಿಂದ ಮತ್ತೇನನ್ನೂ ನಾನು ಹೊತ್ತಿಲ್ಲ.

ಅವರದು ಒಂದೇ ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ಮಗ ಆಗಲೇ ಪುಣೆಯಲ್ಲಿ ಕೆಲಸಕ್ಕಿದ್ದ. ಗಂಡನಿಗೆ ರಾತ್ರಿಪಾಳಿ, ಮಧ್ಯಾಹ್ನ ಅವರು ಮಲಗಬೇಕು. ಹಾಗಾಗಿ ಮಧ್ಯಾಹ್ನವಾಯಿತೆಂದರೆ ಕಂಪ್ಯೂಟರ್ ಒಂದು ಮೇಜಿನ ಸಮೇತ ಬಾಗಿಲ ಮುಂದಿನ ಗ್ಯಾಲರಿಗೆ ಬರುತ್ತಿತ್ತು. ಕರೆಂಟಿನ ವೈರು ಅವರದೇ ಕಿಟಕಿಯಿಂದ. ಕಟ್ಟಡದ ಯಾವ ಹುಡುಗಿ ಬೇಕಾದರೂ ಬರಬಹುದು. ಹುಡುಗರು ಬಂದರೆ ಏನು ಎಂದು ಯಾರೋ ಕೇಳಿದ್ದಕ್ಕೆ, ಬರಲಿ, ಸಾಲಿನಲ್ಲಿ ಹಿಂದೆ ನಿಲ್ಲಲಿ ಎಂದಿದ್ದರು.

ಹೊಸದಾಗಿ ಬಂದವಳಿಗೆ ಮೊದಲ ಪಾಠ ಒಂದೇ. ಎರಡೂ ಅಂಗೈ ಕೀಬೋರ್ಡಿನ ಮೇಲಿಟ್ಟು ಒತ್ತಬೇಕು. "ಒತ್ತು. ಇನ್ನೂ ಜೋರು. ಸತ್ತಿತಾ? ಇಲ್ಲ ಅಲ್ವಾ? ಹಾಗಾದ್ರೆ ಕೂತ್ಕೋ." ಇದಾದ ಮೇಲೆ ಅವರಷ್ಟು ಕೆಟ್ಟ ಗುರು ಇನ್ನೊಬ್ಬರಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು, ನೋಡದೆ ಹೊಡೆಯಬೇಕು. ಒಂದೇ ಬೆರಳಿನಲ್ಲಿ ಹುಡುಕಿ ಒತ್ತಿದವಳ ಗೆಣ್ಣಿಗೆ ಸ್ಕೇಲಿನ ಏಟು. "ಕೋಳಿ ಅಕ್ಕಿ ಹೆಕ್ಕಿದ ಹಾಗೆ ಎಂತದು?" ನನಗೆ ಏಟು ಬಿದ್ದದ್ದಕ್ಕೆ ಲೆಕ್ಕವಿಲ್ಲ. ಸಿಟ್ಟಿನಿಂದ ಮುಖ ಊದಿಸಿಕೊಂಡು ಎದ್ದು ಹೋಗಿ, ಅರ್ಧ ಗಂಟೆಯಲ್ಲಿ ತಿರುಗಿ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಕಟ್ಟಡದಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಬರುತ್ತಿದ್ದ ವಿಜಯಪುರದ ಕಡೆಯ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ನೇರ ಹತ್ತಿರ ಬರಲಿಲ್ಲ, ಮೆಟ್ಟಿಲ ಬಳಿಯೇ ನಿಂತಳು.

"ಅಕ್ಕಾರ, ನಮ್ಮ ಹುಡುಗಿ ಒಂದೀಟ ಮುಟ್ಟಿದ್ರ ನಡೀತೈತೇನ್ರಿ?"

ಅವಳು ಕೇಳಿದ 'ಮುಟ್ಟುವ' ಮಾತು ನಮ್ಮ ಮಾತಿಗಿಂತ ಬಹಳ ಹಳೆಯದೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಆಂಟಿ ಆ ಒಂದು ಸಲ ಗದರಲಿಲ್ಲ. ಎದ್ದು ಹೋಗಿ ಆ ಹುಡುಗಿಯ ಎರಡೂ ಕೈ ಹಿಡಿದು ತಂದು, ತಮ್ಮ ಕೈಗಳ ಕೆಳಗಿಟ್ಟು ಕೀಬೋರ್ಡಿನ ಮೇಲೆ ಒತ್ತಿದರು. "ಇದು ಮುಟ್ಲಿಕ್ಕೇ ಇರುದು" ಎಂದರು. ಮಾರನೆಯ ದಿನದಿಂದ ಮೇಲಿನ ಮಹಡಿಯ ಒಂದು ಮನೆಯವರು ತಮ್ಮ ಹುಡುಗಿಯನ್ನು ಕಳಿಸುವುದು ನಿಲ್ಲಿಸಿದರು. ಕಾರಣ ಬಾಯಿಬಿಟ್ಟು ಹೇಳಲಿಲ್ಲ. ಆಂಟಿ ಬಾಯಿಬಿಟ್ಟು ಹೇಳಿದರು, ಗ್ಯಾಲರಿಯಲ್ಲಿ ನಿಂತು ಮೇಲಕ್ಕೆ ಮುಖಮಾಡಿ: "ಒಳ್ಳೇದಾಯ್ತು! ನಿಮ್ಮ ಮಗಳ ಹೊತ್ತು ಇವಳಿಗೆ ಸಿಕ್ತದೆ!"

ಆ ಮನೆಯವರು ದೂರು ಕೊಂಡೊಯ್ದದ್ದು ಸೆಕ್ರೆಟರಿಯ ಬಳಿಗೆ, ಅಂದರೆ ನನ್ನ ಅಪ್ಪನ ಬಳಿಗೆ. ಅಪ್ಪನಿಗೂ ಒಂದು ನೆಪ ಬೇಕಾಗಿತ್ತು. ಸೆಕ್ರೆಟರಿಯ ಮನೆಯಲ್ಲಿ ಅಷ್ಟು ದೊಡ್ಡ ಕಂಪ್ಯೂಟರ್ ಇದ್ದೂ ಮಗಳು ಇನ್ನೊಬ್ಬರ ಬಾಗಿಲಲ್ಲಿ ಸಾಲು ನಿಲ್ಲುತ್ತಾಳೆ ಎಂದು ನಾಲ್ಕು ಜನ ಆಡಿಕೊಳ್ಳುವುದು ಅವರಿಗೆ ಚುಚ್ಚುತ್ತಿತ್ತು. ನಮ್ಮ ಕಂಪ್ಯೂಟರಿನ ಹೊದಿಕೆ ತೆಗೆದು ನನ್ನನ್ನು ಕೂರಿಸಿದ್ದರೆ ಮುಗಿಯುತ್ತಿತ್ತು. ಅದರ ಬದಲು ಮೆಟ್ಟಿಲ ಬಳಿ ನೋಟೀಸು ಅಂಟಿಸಿದರು: ಸಾಮೂಹಿಕ ಗ್ಯಾಲರಿಯಲ್ಲಿ ಖಾಸಗಿ ವಸ್ತುಗಳನ್ನು ಇಡತಕ್ಕದ್ದಲ್ಲ. ನನ್ನ ಪರೀಕ್ಷೆಗೆ ಆಗ ವಾರವೂ ಉಳಿದಿರಲಿಲ್ಲ.

ಆಂಟಿ ನೋಟೀಸನ್ನು ಕಟ್ಟಡಕ್ಕೆಲ್ಲ ಕೇಳುವಂತೆ ಓದಿದರು. ಆಮೇಲೆ ಗ್ಯಾಲರಿಯ ಉದ್ದಕ್ಕೂ ನಡೆಯುತ್ತ ಒಂದೊಂದನ್ನೇ ಬೊಟ್ಟುಮಾಡಿ ತೋರಿಸಿದರು. ಒಣಗಲು ಹಾಕಿದ ಹಪ್ಪಳ, ಎಣ್ಣೆಡಬ್ಬಿಯ ತುಳಸಿ, ಚಪ್ಪಲಿಯ ಕಪಾಟು, ಯಾರದೋ ಮೂರುಗಾಲಿ ಸೈಕಲ್ಲು, ಕೊನೆಗೆ ನಮ್ಮದೇ ಬಾಗಿಲ ಮುಂದಿನ ಕೆಟ್ಟ ಕೂಲರು. "ಹಪ್ಪಳ ಸಾಮೂಹಿಕ, ಕೂಲರ್ ಸಾಮೂಹಿಕ, ನನ್ನ ಕಂಪ್ಯೂಟರ್ ಒಂದು ಖಾಸಗಿ!" ಎಂದು ಎಡಗೈಯಿಂದ ಗಾಳಿ ತಳ್ಳಿ ಒಳಗೆ ಹೋದರು. ಹೋಗಿ ಮೇಜನ್ನೂ ಎಳೆದುಕೊಂಡರು. ನನಗೆ ಇಷ್ಟೆಲ್ಲ ಕೂಗಾಡಿ ಇವರೂ ಸೋತರೇ ಎಂದು ಕೆಟ್ಟ ಕೋಪ ಬಂತು.

ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಪರದೆ ಅವರ ಕೋಣೆಯ ಒಳಗೆ, ಗ್ಯಾಲರಿಗೆ ತೆರೆಯುವ ಕಿಟಕಿಯ ಬಳಿ ಕೂತಿತ್ತು, ಮುಖ ಹೊರಕ್ಕೆ. ಕೀಬೋರ್ಡನ್ನು ಓರೆ ಮಾಡಿ ಸರಳುಗಳ ನಡುವಿನಿಂದ ಹೊರಗೆ ತೂರಿಸಿದ್ದರು. ಗ್ಯಾಲರಿಯಲ್ಲಿ ಒಂದು ಸ್ಟೂಲು. ಒಳಗೆ ಗಂಡ ತಲೆಯ ಮೇಲೆ ಚಾದರ ಎಳೆದುಕೊಂಡು ಮಲಗಿದ್ದರು. ಅವರು ಆ ಸಂಸಾರದಲ್ಲಿ ಅದನ್ನೇ ಕಲಿತಿದ್ದರೆಂದು ಕಾಣುತ್ತದೆ. ಅಪ್ಪ ಬಂದು ನೋಡಿ ಇದೇನು ಎಂದರು.

"ಕಂಪ್ಯೂಟರ್ ನನ್ನ ಮನೆಯ ಒಳಗುಂಟು. ಹುಡುಗಿ ಗ್ಯಾಲರಿಯಲ್ಲಿ ಕೂತಿದ್ದಾಳೆ. ಕೂರ್ಬಾರ್ದು ಅಂತ ನೋಟೀಸ್ ಉಂಟಾ?"

"ಕೀಬೋರ್ಡ್ ಹೊರಗುಂಟಲ್ಲ ಅಕ್ಕ."

"ಅದು ಅವಳ ತೊಡೆಯ ಮೇಲುಂಟು. ನಿಮ್ಮ ಗ್ಯಾಲರಿಯ ಮೇಲಿಲ್ಲ."

ಆ ವಾರ ಮಳೆ ಹಿಡಿಯಿತು. ಕಳವಾ ಊರಿನ ಜೂನ್ ಮಳೆ ಮೇಲಿನಿಂದ ಬೀಳುವುದಿಲ್ಲ, ಖಾಡಿಯ ಗಾಳಿಯ ಜೊತೆ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತದೆ. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತೆ. ಹನಿ ಕೀಬೋರ್ಡಿಗೇ ಬೀಳುತ್ತಿತ್ತು. ನೀರು ಬಿದ್ದರೆ ಕೆಡುವ ಅಗ್ಗದ ಸಾಮಾನು ಅದು, ಮಡಿಲಿನಲ್ಲಿ ಬಚ್ಚಿಟ್ಟುಕೊಂಡರೆ ಅಭ್ಯಾಸವಿಲ್ಲ. ಅಷ್ಟರಲ್ಲಿ ಒಮ್ಮೆಲೇ ಹನಿ ನಿಂತಿತು. ತಲೆಯೆತ್ತಿದರೆ ಅಮ್ಮ ಕೊಡೆ ಹಿಡಿದು ನಿಂತಿದ್ದರು. ಕೊಡೆ ನನ್ನ ಮೇಲಲ್ಲ, ಕೀಬೋರ್ಡಿನ ಮೇಲೆ. ಅಪ್ಪನ ಎದುರು ಒಂದು ಮಾತು ಹೆಚ್ಚಿಗೆ ಆಡಿದವರಲ್ಲ ನನ್ನ ಅಮ್ಮ. ಬೆನ್ನೆಲ್ಲ ಒದ್ದೆಯಾಗುತ್ತ ನಿಂತೇ ಇದ್ದರು. ಒಳಗಿನಿಂದ ಆಂಟಿ ನನ್ನನ್ನೇ ಗದರಿದರು: "ಅಮ್ಮನನ್ನು ನೋಡುದಲ್ಲ, ಟೈಪ್ ಮಾಡುದು!"

ಅಪ್ಪ ಊಟಕ್ಕೆ ಬಂದವರು ಮೆಟ್ಟಿಲು ಹತ್ತಿ ಇದನ್ನು ಕಂಡು ನಿಂತರು. "ಎಂತ ಇದು? ಮನೆಗೆ ಬಾ" ಎಂದರು ಅಮ್ಮನಿಗೆ.

"ಅವಳಿಗೆ ಪರೀಕ್ಷೆ ಉಂಟು" ಎಂದರು ಅಮ್ಮ. "ಅನ್ನ ಸಾರು ಒಲೆಯ ಮೇಲೆ ಉಂಟು. ಬಡಿಸಿಕೊಳ್ಳಿ."

ಅಪ್ಪ ಹೋಗಿ ಬಡಿಸಿಕೊಂಡರು. ನಮ್ಮ ಮನೆಯಲ್ಲಿ ಅದು ಮೊದಲ ಸಲ. ಆಂಟಿಯ ಬೆರಳು ಕಿಟಕಿಯ ಸರಳಿನ ಮೇಲೆ ಓಡುತ್ತಿದ್ದುದನ್ನು ನಾನು ಕಂಡೆ, ಆ ಮಾತನ್ನು ಅಚ್ಚು ಹಾಕಿ ಇಟ್ಟುಕೊಳ್ಳುತ್ತಿದ್ದರೇನೋ.

ನನಗೆ ಸೀಟು ಸಿಕ್ಕಿತು. ನೋಟೀಸನ್ನು ಅಪ್ಪ ತೆಗೆಯಲಿಲ್ಲ, ಮಳೆಯೇ ತೊಳೆದುಹಾಕಿತು. ಕೀಬೋರ್ಡು ಮತ್ತೆಷ್ಟೋ ವರ್ಷ ಸರಳುಗಳ ನಡುವಿನಿಂದ ಹೊರಗೆ ಬರುತ್ತಲೇ ಇತ್ತು.

ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಅವರು ಕಲಿಸಿದ್ದರಲ್ಲಿ ಒಂದು ಭಾರಿ ತಪ್ಪೂ ಇತ್ತು. ಟೈಪ್‌ರೈಟರಿನ ರೂಢಿಯಲ್ಲಿ ಪ್ರತಿ ಸಾಲಿನ ಕೊನೆಗೂ ಗುಂಡಿ ಒತ್ತಿ ಹೊಸ ಸಾಲಿಗೆ ಹೋಗಬೇಕೆಂದು ಹೊಡೆದು ಕಲಿಸಿದ್ದರು. ಕಂಪ್ಯೂಟರಿನಲ್ಲಿ ಅದು ಬೇಕಿಲ್ಲ, ಸಾಲು ತಾನೇ ಮಡಚಿಕೊಳ್ಳುತ್ತದೆ. ಐರೋಲಿಯ ಆಫೀಸಿನಲ್ಲಿ ನನ್ನ ಮೊದಲ ಕೆಲಸದ ಮೊದಲ ವಾರ, ನಾನು ಟೈಪ್ ಮಾಡಿದ್ದ ಪತ್ರದ ಅಕ್ಷರವನ್ನು ಮೇಲಧಿಕಾರಿ ಸ್ವಲ್ಪ ದೊಡ್ಡದು ಮಾಡಿದಾಗ ಸಾಲುಗಳೆಲ್ಲ ಮುರಿದು ಚೂರುಚೂರಾದವು. ಸುತ್ತ ನಿಂತವರು ನಕ್ಕರು. ಸಂಜೆ ನೇರ ಆಂಟಿಯ ಬಳಿ ಹೋಗಿ, ನೀವು ತಪ್ಪು ಕಲಿಸಿದ್ದೀರಿ ಎಂದು ಜಗಳ ತೆಗೆದೆ. ಪೂರ್ತಿ ಕೇಳಿಸಿಕೊಂಡರು.

"ಸಾಲು ಎಲ್ಲಿ ಮುಗೀಬೇಕು ಅಂತ ನಾನು ಹೇಳ್ಬೇಕಾ, ಆ ಡಬ್ಬ ಹೇಳ್ಬೇಕಾ?" ಎಂದರು.

ಕೊನೆಯವರೆಗೂ ಒಪ್ಪಲಿಲ್ಲ. ನಾನು ಆಫೀಸಿನಲ್ಲಿ ತಿದ್ದಿಕೊಂಡೆ. ಆದರೆ ಯಾರಾದರೂ ನಿನ್ನಿಂದಾಗದು ಎಂದು ನನಗೆ ಹೇಳತೊಡಗಿದಾಗಲೆಲ್ಲ ನನ್ನ ಎಡಗೈ ಮೇಜಿನ ಮೇಲೆ ತಾನಾಗಿ ಬಲಕ್ಕೆ ಸರಿಯುತ್ತದೆ.

ಆಮೇಲೆ ಕಟ್ಟಡ ಕೆಡವಿ ಹೊಸದು ಕಟ್ಟುವವರು ಬಂದರು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ಆಂಟಿ ಮತ್ತು ಅವರ ಗಂಡ, ಪುಣೆಯಿಂದ ತಿರುಗಿ ಬಂದಿದ್ದ ಮಗನ ಜೊತೆ ಐರೋಲಿಯ ಫ್ಲ್ಯಾಟಿಗೆ ಹೋದರು. ಗಂಡ ಅಲ್ಲೇ ತೀರಿಕೊಂಡರು. ಆಂಟಿ ಆ ಪೆಟ್ಟಿಗೆಯನ್ನು ಜೊತೆಗೇ ಒಯ್ದಿದ್ದರು. ಒಳಗಿನ ಸಾಮಾನೆಲ್ಲ ಒಂದೊಂದಾಗಿ ಬದಲಾಗಿತ್ತು, ಹೊರಗಿನ ಕವಚ ಮಾತ್ರ ಹಳೆಯದು. ಅಲ್ಲಿಯೂ ಸೊಸೈಟಿಯವರೊಂದಿಗೆ ಜಗಳವಾಡಿದ ಸುದ್ದಿ ಆಗಾಗ ಬಂದು ನನಗೆ ನೆಮ್ಮದಿ ಕೊಡುತ್ತಿತ್ತು. ಕೊನೆಯ ವರ್ಷ ಹಾಸಿಗೆ ಹಿಡಿದರು.

ಮೊನ್ನೆ ಉತ್ತರಕ್ರಿಯೆಯ ಊಟಕ್ಕೆ ಹೋಗಿದ್ದೆ. ಫ್ಲ್ಯಾಟಿನ ನಡುಕೋಣೆಯ ಮೂಲೆಯ ಮೇಜಿನಲ್ಲಿ ಅದೇ ಕಂಪ್ಯೂಟರ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಆಂಟಿಯ ಫೋಟೋ, ಮಾಲೆ, ಪಕ್ಕದಲ್ಲಿ ದೀಪ. ಮೊಮ್ಮಗಳು, ಮೂರನೆಯ ಕ್ಲಾಸಿನವಳು, ಹೊದಿಕೆಯ ಕೆಳಗೆ ಒಂದು ಬೆರಳು ತೂರಿಸುತ್ತಿದ್ದಳು. ಅವಳ ಅಪ್ಪ, ಅಂದರೆ ಆಂಟಿಯ ಹೊಟ್ಟೆಯಲ್ಲೇ ಹುಟ್ಟಿದವನು, ದೂರದಿಂದಲೇ ಮರಾಠಿಯಲ್ಲಿ ಅದೇ 'ಮುಟ್ಬೇಡ, ಹಾಳಾಗ್ತದೆ' ಮಂತ್ರ ಕೂಗಿದ: "ಹಾತ್ ನಕೋ ಲಾವೂಸ್! ಖರಾಬ್ ಹೋಈಲ್!" ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಮ್ಮನ ನೆನಪು ಅದು. ಹಾಗೇ ಇರ್ಲಿ ಅಂತ" ಎಂದ.

ನಾನು ಎದ್ದು ಹೋಗಿ ಫೋಟೋ ಎತ್ತಿ ಅವನ ಕೈಗೆ ಕೊಟ್ಟೆ. "ಅಣ್ಣ, ಇದನ್ನು ಸ್ವಲ್ಪ ಹಿಡ್ಕೊಳ್ಳಿ." ಬಂದವರೆಲ್ಲ ನೋಡುತ್ತಿದ್ದರು. ನೋಡಲಿ. ಹೊದಿಕೆ ಕಿತ್ತು ತೆಗೆದೆ, ಗುಂಡಿ ಒತ್ತಿದೆ. ಒಳಗೆ ಪಂಖ ಸ್ವಲ್ಪ ನರಳಿತು. ಪರದೆ ಕಪ್ಪಗೇ ಉಳಿಯಿತು. ಮತ್ತೆ ಒತ್ತಿದೆ. ಏನೂ ಇಲ್ಲ.

"ನೋಡು, ಹಾಳಾಯ್ತು" ಎಂದ ಅವನು, ನನ್ನ ಅಪ್ಪನದೇ ಧ್ವನಿಯಲ್ಲಿ.

"ಹಾಳಾಗಿದೆ ಅಣ್ಣ. ಆದ್ರೆ ಮುಟ್ಟಿ ಅಲ್ಲ. ಅವರು ಮಲಗಿದ ಮೇಲೆ ಯಾರೂ ಮುಟ್ಲಿಲ್ಲ, ಅದಕ್ಕೆ ಹಾಳಾಗಿದೆ."

ಅವನು ಅಮ್ಮನ ಫೋಟೋ ಹಿಡಿದುಕೊಂಡು ನಿಂತಿದ್ದ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಎರಡೂ ಅಂಗೈಗಳನ್ನು ಆ ಸತ್ತ ಕೀಬೋರ್ಡಿನ ಮೇಲಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಆ ಮನೆಯಲ್ಲಿ ಬೆಳಗಿನಿಂದ ಮೊದಲ ಸಲ ಯಾರೋ ನಕ್ಕರು.

ಬರುವ ಭಾನುವಾರ ನಾನೂ ಆ ಮೊಮ್ಮಗಳೂ ಅವಳಿಗೊಂದು ಕಂಪ್ಯೂಟರ್ ತರಲು ನೌಪಾಡಾಕ್ಕೆ ಹೋಗುತ್ತಿದ್ದೇವೆ. ತರುವುದಾದರೆ ಒಳ್ಳೆಯ ದೊಡ್ಡದೇ ತನ್ನಿ, ನನ್ನ ಆಫೀಸಿನ ಕೆಲಸಕ್ಕೂ ಆದೀತು ಎಂದು ಅವಳ ಅಪ್ಪ ಫೋನು ಮಾಡಿದ್ದ. ಬೇಡ, ನಿಮಗೆ ಆಗುವಂಥದ್ದು ತಂದರೆ ಅವಳಿಗೆ ಸಿಗುವುದಿಲ್ಲ ಎಂದೆ. ಸಾದಾ ಪೆಟ್ಟಿಗೆ ಸಾಕು, ಕೀಬೋರ್ಡು ಎರಡು ಇರಲಿ. ಅಂಗಡಿಯವನನ್ನು ಮೊದಲು ಏನು ಕೇಳಬೇಕೆಂದು ಅವಳಿಗೆ ಹಿಂದಿಯಲ್ಲೇ ಬಾಯಿಪಾಠ ಮಾಡಿಸಿದ್ದೇನೆ. ಮೆತ್ತಗೆ ಕೇಳಬೇಡ, ಅಂಗಡಿಗೆಲ್ಲ ಕೇಳಿಸಬೇಕು ಎಂದೂ ಹೇಳಿದ್ದೇನೆ.